ಹಳೆಯ ಮನೆಗಳ ಬೀದಿ ಸುತ್ತಾಟ: ಗೈಡ್ ಇಲ್ಲದೆ ನೀವೇ ಮಾಡಿಕೊಳ್ಳುವ ಕ್ರಮ

ಒಂದು ಊರಿನ ಹಳೆಯ ಮನೆಗಳನ್ನು ಗೈಡ್ ಇಲ್ಲದೆ ನೋಡಲು ಹೋದವರು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ಇಪ್ಪತ್ತೈದು ಮನೆಗಳ ಪಟ್ಟಿ ಹಿಡಿದು ಹೊರಡುತ್ತಾರೆ. ಎಂಟು ಮನೆ ನೋಡುವಷ್ಟರಲ್ಲಿ ಕಾಲು ಸೋಲುತ್ತದೆ, ಉಳಿದದ್ದು ಹಾಗೇ ಬೀಳುತ್ತದೆ. ನೋಡಿದ ಎಂಟರ ಬಗ್ಗೆಯೂ ‘ಚೆನ್ನಾಗಿತ್ತು’ ಅನ್ನುವುದಕ್ಕಿಂತ ಜಾಸ್ತಿ ಹೇಳಲು ಏನೂ ಇರುವುದಿಲ್ಲ.

ಎಡವಟ್ಟಾಗುವುದು ಕ್ರಮದಲ್ಲಿ. ಬಹಳ ಜನ ಮೊದಲು ಮನೆಗಳನ್ನು ಆರಿಸಿಕೊಂಡು ಆಮೇಲೆ ಅವುಗಳ ನಡುವೆ ದಾರಿ ಹುಡುಕುತ್ತಾರೆ. ಇದನ್ನು ತಿರುಗಿಸಿ. ಮೊದಲು ಸಮಯ, ಆಮೇಲೆ ಬೀದಿ, ಮನೆ ಕೊನೆಗೆ. ಮನೆಯ ಮುಂದೆ ನಿಂತಾಗಲೂ ಕಣ್ಣಿಗೆ ಒಂದು ಕ್ರಮ ಬೇಕು. ಅದನ್ನು ಏಳನೆಯ ಹಂತದಲ್ಲಿ ಉದ್ದಕ್ಕೆ ಬರೆದಿದ್ದೇನೆ. ಅವಸರ ಇದ್ದವರು ಬೇರೆ ಯಾವುದನ್ನು ಬಿಟ್ಟರೂ ಒಂದು ಮತ್ತು ಏಳನ್ನು ಬಿಡಬೇಡಿ.

## ಹಂತ 1: ಎಷ್ಟು ಹೊತ್ತು ಅಂತ ಮೊದಲು ನಿರ್ಧರಿಸಿ

ಎಷ್ಟು ಮನೆ ಅನ್ನುವ ಪ್ರಶ್ನೆ ಆಮೇಲೆ. ಎಷ್ಟು ಹೊತ್ತು ನಡೆಯಬಲ್ಲಿರಿ ಅನ್ನುವುದು ಮೊದಲು. ಹೆಚ್ಚಿನವರಿಗೆ ಎರಡು ಗಂಟೆ ಸರಿಹೋಗುತ್ತದೆ. ಮೂರನೆಯ ಗಂಟೆಯಲ್ಲಿ ಕಣ್ಣು ನೋಡುತ್ತಿರುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ.

ಲೆಕ್ಕ ಹೀಗಿದೆ. ಸಾಮಾನ್ಯ ನಡಿಗೆ ಗಂಟೆಗೆ ಸುಮಾರು 5 ಕಿ.ಮೀ. ಎರಡು ಕಿಲೋಮೀಟರ್ ದಾರಿಗೆ 24 ನಿಮಿಷ ಸಾಕು. ಹತ್ತು ಮನೆಗೆ ತಲಾ 6 ನಿಮಿಷದಂತೆ 60 ನಿಮಿಷ. ರಸ್ತೆ ದಾಟುವುದು, ದಾರಿ ತಪ್ಪುವುದು, ಎಲ್ಲಾದರೂ ಕೂರುವುದು ಎಲ್ಲಾ ಸೇರಿ ಅರ್ಧ ಗಂಟೆ. ಒಟ್ಟು 114 ನಿಮಿಷ. ಅಂದರೆ ಎರಡು ಗಂಟೆಗೆ ಎರಡು ಕಿಲೋಮೀಟರ್, ಹತ್ತು ಮನೆ. ಇದಕ್ಕಿಂತ ಜಾಸ್ತಿ ತುರುಕಿದರೆ ನಿಲ್ಲುವ ಹೊತ್ತಿನಿಂದಲೇ ಕಡಿತವಾಗುತ್ತದೆ.

ನಕಾಶೆ ಆಪ್ ತೋರಿಸುವ ಸಮಯವನ್ನು ನೋಡಿ ಮೋಸ ಹೋಗಬೇಡಿ. ಅದು ಬರೀ ನಡೆಯುವ ಹೊತ್ತು. ಅದರಲ್ಲಿ ಒಂದು ನಿಮಿಷವೂ ನಿಲ್ಲುವುದಕ್ಕಿಲ್ಲ.

ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ದೂರವನ್ನು ಅರ್ಧ ಮಾಡಿ, ಮನೆಗಳನ್ನು ಆರಕ್ಕೆ ಇಳಿಸಿ. ಗುಂಪು ನಾಲ್ಕೈದು ಜನಕ್ಕಿಂತ ದೊಡ್ಡದಾದರೆ ಫುಟ್‌ಪಾತ್ ಕಟ್ಟಿಹೋಗುತ್ತದೆ, ಅಲ್ಲಿ ವಾಸವಿರುವವರಿಗೂ ಕಿರಿಕಿರಿ. ಆಗ ಎರಡು ಗುಂಪಾಗಿ ಎದುರು ದಿಕ್ಕಿನಿಂದ ಹೊರಡುವುದು ಒಳ್ಳೆಯದು.

## ಹಂತ 2: ಬೀದಿ ಆರಿಸಿ

ನಿಮಗೆ ಬೇಕಾಗಿರುವುದು ಹಳೆಯ ಮನೆಗಳು ಸಾಲಾಗಿ ಉಳಿದಿರುವ ಒಂದೋ ಎರಡೋ ಬೀದಿ. ಊರಿನ ಅತಿ ಪ್ರಸಿದ್ಧ ಮನೆ ಹೊಸ ಕಟ್ಟಡಗಳ ನಡುವೆ ಒಂಟಿಯಾಗಿ ನಿಂತಿದ್ದರೆ ಅದನ್ನು ಬೇರೆ ದಿನಕ್ಕೆ ಇಡಿ. ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದು ಮನೆ ಇಲ್ಲದಿದ್ದರೆ ಯಾವುದು ಆ ಕಾಲದ ಸಾಮಾನ್ಯ ರೂಢಿ, ಯಾವುದು ಮಾಲೀಕನ ಶೋಕಿ ಅಂತ ಗೊತ್ತಾಗುವುದಿಲ್ಲ.

ಮನೆಯಲ್ಲೇ ಕೂತು ಇಂಥ ಬೀದಿ ಹುಡುಕಬಹುದು. ಉಪಗ್ರಹ ಚಿತ್ರ ತೆಗೆದು ಮೇಲಿನಿಂದ ನೋಡಿ. ನಿವೇಶನಗಳು ಕಿರಿದಾಗಿ ಹಿಂದಕ್ಕೆ ಉದ್ದವಾಗಿವೆಯಾ? ಮನೆಗಳ ಗೋಡೆ ಒಂದಕ್ಕೊಂದು ತಾಗಿಕೊಂಡಿವೆಯಾ? ಇಳಿಜಾರು ಮಾಡುಗಳು ಒಂದೇ ಸಾಲಿನಲ್ಲಿ ಹೋಗುತ್ತವೆಯಾ? ಬೀದಿ ನೆಟ್ಟಗಿರದೆ ಸಣ್ಣಗೆ ಬಾಗುತ್ತದೆಯಾ? ಇದರಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಅಲ್ಲಿ ಹಳೆಯ ಮನೆಗಳು ಸಿಗುವ ಸಾಧ್ಯತೆ ಚೆನ್ನಾಗಿದೆ. ಆಮೇಲೆ ಬೀದಿ ಮಟ್ಟದ ಫೋಟೊಗಳನ್ನು ನೋಡಿ ಖಚಿತ ಮಾಡಿಕೊಳ್ಳಿ.

ಹಳೆಯ ನಕಾಶೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅಮೆರಿಕದ ಊರಾದರೆ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಗಾಗಿ ಮಾಡಿಸಿದ ನಕಾಶೆಗಳಿವೆ. ಈ ಕೆಲಸ 1867ರಿಂದ ಶುರುವಾಯಿತು. ಪ್ರತಿ ಮನೆಯ ಆಕಾರ, ಎಷ್ಟು ಮಹಡಿ, ಯಾವುದರಿಂದ ಕಟ್ಟಿದ್ದು ಅನ್ನುವುದು ಅದರಲ್ಲಿ ಇರುತ್ತದೆ. ಗುಲಾಬಿ ಬಣ್ಣ ಇಟ್ಟಿಗೆಗೆ, ಹಳದಿ ಮರಕ್ಕೆ, ನೀಲಿ ಕಲ್ಲಿಗೆ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಬಹಳಷ್ಟು ಹಾಳೆಗಳು ಉಚಿತವಾಗಿ ಸಿಗುತ್ತವೆ. ನಕಾಶೆಯಲ್ಲಿ ಹಳದಿ ಇದ್ದ ಜಾಗದಲ್ಲಿ ಈಗ ಇಟ್ಟಿಗೆ ಗೋಡೆ ಕಾಣುತ್ತಿದ್ದರೆ, ಒಂದೋ ಮನೆ ಬದಲಾಗಿದೆ, ಇಲ್ಲವೇ ಮರದ ಮೇಲೆ ಇಟ್ಟಿಗೆಯ ಹೊದಿಕೆ ಬಂದಿದೆ.

‘ಪಾರಂಪರಿಕ ಪ್ರದೇಶ’ ಅನ್ನುವ ಬೋರ್ಡ್ ನೋಡಿ ಬೀದಿ ಆರಿಸಬೇಡಿ. ಆ ಗಡಿಯೊಳಗೆ ಮೊನ್ನೆ ಮೊನ್ನೆ ಕಟ್ಟಿದ ಕಟ್ಟಡಗಳೂ ಇರುತ್ತವೆ.

## ಹಂತ 3: ಹತ್ತು ಮನೆಗಳ ಪಟ್ಟಿ

ಈಗ ಮನೆಗಳಿಗೆ ಬರೋಣ. ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿ ಇರುವ ದೇಶವಾದರೆ ಅಲ್ಲಿಂದ ಶುರು ಮಾಡಿ. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಪಾರಂಪರಿಕ ಪಟ್ಟಿ ಇದೆ. ಮೇಲಿನಿಂದ ಕೆಳಕ್ಕೆ ‘ಒಂದು’, ‘ಎರಡು-ನಕ್ಷತ್ರ’, ‘ಎರಡು’ ಅಂತ ಮೂರು ದರ್ಜೆ. ಅಮೆರಿಕದಲ್ಲಿ 1966ರ ಕಾಯ್ದೆಯಿಂದ ಬಂದ ನ್ಯಾಷನಲ್ ರಿಜಿಸ್ಟರ್ ಇದೆ. ಅದಕ್ಕೂ ಮೊದಲು, 1933ರಲ್ಲಿ ಶುರುವಾದ ಐತಿಹಾಸಿಕ ಕಟ್ಟಡಗಳ ಸರ್ವೆಯ ಅಳತೆ ಚಿತ್ರಗಳು ಮತ್ತು ಫೋಟೊಗಳೂ ಇವೆ. ಇವು ಬಹಳ ಉಪಯೋಗ. ಆ ಫೋಟೊ ಫೋನಿನಲ್ಲಿದ್ದರೆ ಮನೆ ಮುಂದೆ ನಿಂತು ಏನೇನು ಹೋಗಿದೆ, ಏನು ಹೊಸದಾಗಿ ಬಂದಿದೆ ಅಂತ ಅಲ್ಲೇ ನೋಡಬಹುದು. ಇಂಥ ಪಟ್ಟಿ ಇಲ್ಲದ ಊರಲ್ಲಿ ಸ್ಥಳೀಯ ಗ್ರಂಥಾಲಯ ಮತ್ತು ಪುರಸಭೆಯ ಹಳೆಯ ದಾಖಲೆಗಳೇ ಗತಿ.

ದರ್ಜೆ ನೋಡಿ ಆರಿಸುವುದು ಸಾಮಾನ್ಯ ತಪ್ಪು. ಇಂಗ್ಲೆಂಡಿನ ಪಟ್ಟಿಯಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕಟ್ಟಡಗಳು ಕೆಳಗಿನ ‘ಎರಡು’ ದರ್ಜೆಯವೇ. ಮೊದಲ ದರ್ಜೆಯದ್ದನ್ನೇ ಹುಡುಕಿ ಹೊರಟರೆ ಚರ್ಚು, ಅರಮನೆ ನೋಡಿಕೊಂಡು ಬರುತ್ತೀರಿ, ಮನೆಗಳನ್ನಲ್ಲ.

ಪ್ರತಿ ಮನೆಯ ಎದುರು ಮೂರೇ ವಿಷಯ ಬರೆದುಕೊಳ್ಳಿ. ಸುಮಾರು ಯಾವ ಕಾಲದ್ದು. ಅಲ್ಲಿ ನೋಡಲೇಬೇಕಾದ ಒಂದು ಅಂಶ ಯಾವುದು. ಆಮೇಲೆ ಏನು ಬದಲಾಗಿದೆ. ಎರಡನೆಯದಕ್ಕೆ ಉತ್ತರ ಸಿಗದ ಮನೆಯನ್ನು ಮುಲಾಜಿಲ್ಲದೆ ಪಟ್ಟಿಯಿಂದ ತೆಗೆಯಿರಿ. ‘ಸುಂದರವಾಗಿದೆ’ ಅನ್ನುವುದು ಉತ್ತರವಲ್ಲ. ‘ಮೇಲಿನ ಮಹಡಿಯ ಕಿಟಕಿಗಳು ಕೆಳಗಿನವಕ್ಕಿಂತ ಚಿಕ್ಕವು’ ಅನ್ನುವುದು ಉತ್ತರ.

ಹತ್ತೂ ದೊಡ್ಡ ಬಂಗಲೆಗಳೇ ಆಗಬಾರದು. ಕೂಲಿಯವರು, ಗುಮಾಸ್ತರು ಇದ್ದ ಸಾಲು ಮನೆ ಒಂದೆರಡು ಇರಲಿ. ಬೀದಿ ಮೂಲೆಯ ಮನೆ ಒಂದಿರಲಿ, ಅದರ ಎರಡು ಮುಖ ನೋಡಲು ಸಿಗುತ್ತದೆ. ರಿಪೇರಿ ಮಾಡಿ ಹಾಳು ಮಾಡಿರುವ ಒಂದು ಮನೆಯನ್ನೂ ಬೇಕಂತಲೇ ಸೇರಿಸಿಕೊಳ್ಳಿ. ಹಾಳಾದದ್ದನ್ನು ನೋಡಿದ ಮೇಲೆ ಚೆನ್ನಾಗಿ ಉಳಿದದ್ದು ಬೇರೆ ರೀತಿ ಕಾಣುತ್ತದೆ.

## ಹಂತ 4: ವಿಳಾಸ ಪರೀಕ್ಷಿಸಿ

ಜನ ತಪ್ಪು ಮನೆ ಮುಂದೆ ನಿಂತು ಫೋಟೊ ತೆಗೆದುಕೊಂಡು ಬರುವುದು ನೀವಂದುಕೊಂಡದ್ದಕ್ಕಿಂತ ಜಾಸ್ತಿ. ಕಾರಣ ಮನೆ ನಂಬರು.

ಷಿಕಾಗೋದಲ್ಲಿ 1909ರಲ್ಲಿ ಊರಿನ ಮನೆ ನಂಬರುಗಳನ್ನೇ ಬದಲಿಸಿದರು. ಅದಕ್ಕಿಂತ ಹಳೆಯ ಪತ್ರದಲ್ಲಿ ಸಿಕ್ಕ ವಿಳಾಸ ಹಿಡಿದು ಹೋದರೆ ಬೇರೆ ಎಲ್ಲೋ ಇರುತ್ತೀರಿ. ಬರ್ಲಿನ್‌ನ ಕೆಲವು ಹಳೆಯ ಬೀದಿಗಳಲ್ಲಿ ನಂಬರು ಒಂದು ಬದಿಯಲ್ಲಿ ಕೊನೆಯ ತನಕ ಏರಿ, ಎದುರು ಬದಿಯಲ್ಲಿ ವಾಪಸ್ ಬರುತ್ತದೆ. ಅಲ್ಲಿ 10ರ ಎದುರು 11 ಹುಡುಕಿ ಪ್ರಯೋಜನವಿಲ್ಲ. ವೆನಿಸ್‌ನಲ್ಲಿ ನಂಬರು ಬೀದಿಗಲ್ಲ, ಇಡೀ ಬಡಾವಣೆಗೆ, ಸಾವಿರಗಳಲ್ಲಿ ಹೋಗುತ್ತದೆ. ಫ್ಲಾರೆನ್ಸ್‌ನಲ್ಲಿ ಅಂಗಡಿಗಳಿಗೆ ಕೆಂಪು ನಂಬರಿನ ಬೇರೆ ಸಾಲೇ ಇದೆ. ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆ ಎರಡು ಕಡೆ ಕಂಡರೆ ಗಾಬರಿ ಬೇಡ, ಬಣ್ಣ ನೋಡಿ.

ಹಾಗಾಗಿ ನಂಬರಿನ ಜೊತೆ ಕಣ್ಣಿಗೆ ಕಾಣುವ ಒಂದು ಗುರುತೂ ಬರೆದುಕೊಳ್ಳಿ: ಎಷ್ಟು ಮಹಡಿ, ಎಷ್ಟು ಕಿಟಕಿ, ಮೂಲೆಯಿಂದ ಎಷ್ಟನೆಯದು. ನಕಾಶೆಯಲ್ಲಿ ಪಿನ್ ಹಾಕುವಾಗ ಮನೆಯ ಬೀದಿ ಕಡೆಯ ಗೋಡೆಯ ಮೇಲೆ ಹಾಕಿ. ನಿವೇಶನದ ನಡುವೆ ಹಾಕಿದರೆ ಕೆಲವು ಸಲ ಆಪ್ ನಿಮ್ಮನ್ನು ಹಿಂದಿನ ಗಲ್ಲಿಗೆ ಕರೆದೊಯ್ದು ‘ತಲುಪಿದಿರಿ’ ಅನ್ನುತ್ತದೆ.

## ಹಂತ 5: ದಾರಿ ಜೋಡಿಸಿ

ಗೂಗಲ್ ಮ್ಯಾಪ್ಸ್ ನೀವು ಕೊಟ್ಟ ಕ್ರಮದಲ್ಲೇ ದಾರಿ ತೋರಿಸುತ್ತದೆ. ಹತ್ತಿರದ್ದು ಮೊದಲು ಅಂತ ತಾನಾಗಿ ಜೋಡಿಸುವುದಿಲ್ಲ. ಕ್ರಮ ನೀವೇ ಹಾಕಬೇಕು. ಪೆನ್ಸಿಲ್ ಹಿಡಿದು ಕಾಗದದ ಮೇಲೆ ಮಾಡಿದರೆ ಬೇಗ ಆಗುತ್ತದೆ.

ಮೊದಲು ಬಿಸಿಲು ನೋಡಿ. ಪೂರ್ವಕ್ಕೆ ಮುಖ ಮಾಡಿದ ಮನೆಗಳು ಬೆಳಗ್ಗೆ, ಪಶ್ಚಿಮಕ್ಕೆ ಮುಖ ಮಾಡಿದವು ಮಧ್ಯಾಹ್ನದ ನಂತರ. ಉಲ್ಟಾ ಆದರೆ ಮನೆ ಕಪ್ಪಗೆ ಕಾಣುತ್ತದೆ, ಸೂರ್ಯ ನಿಮ್ಮ ಕಣ್ಣಿಗೇ ಬಡಿಯುತ್ತಾನೆ. ಭೂಮಧ್ಯ ರೇಖೆಯಿಂದ ದೂರ ಉತ್ತರದಲ್ಲಿರುವ ಊರುಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ನೇರ ಬಿಸಿಲು ಬೀಳುವುದು ಬಹಳ ಕಮ್ಮಿ. ಅಂಥ ಮನೆಗೆ ಮೋಡದ ದಿನವೇ ಒಳ್ಳೆಯದು, ಎದುರಿನ ಆಕಾಶ ಕಣ್ಣು ಕುಕ್ಕುವುದಿಲ್ಲ.

ಆಮೇಲೆ ಏರು. ಗುಡ್ಡದ ಊರಾದರೆ ವಾಹನದಲ್ಲಿ ಮೇಲೆ ಹೋಗಿ ಇಳಿಯುತ್ತಾ ನೋಡಿ.

ಮ್ಯೂಸಿಯಂ ಆಗಿರುವ, ಒಳಗೆ ಬಿಡುವ ಮನೆ ಇದ್ದರೆ ಒಂದೇ ಸಾಕು. ಅದಕ್ಕೆ ಒಂದು ಗಂಟೆ ಬೇರೆಯಾಗಿ ಇಡಿ, ಎರಡು ಗಂಟೆಯ ಲೆಕ್ಕದಲ್ಲಿ ಸೇರಿಸಬೇಡಿ. ನನ್ನ ಪ್ರಕಾರ ಅದನ್ನು ಮೊದಲು ನೋಡಬೇಕು. ಒಳಗಿನ ಕೋಣೆಗಳು ಹೇಗೆ ಹಂಚಿಕೊಂಡಿವೆ ಅಂತ ಒಮ್ಮೆ ನೋಡಿದರೆ ಮುಂದಿನ ಮನೆಗಳ ಕಿಟಕಿ ನೋಡಿಯೇ ಒಳಗೆ ಎಲ್ಲಿ ಮೆಟ್ಟಿಲು, ಎಲ್ಲಿ ದೊಡ್ಡ ಕೋಣೆ ಅಂತ ಊಹಿಸಬಹುದು. ವಾರದ ರಜೆ ಯಾವತ್ತು, ಕೊನೆಯ ಪ್ರವೇಶ ಎಷ್ಟು ಗಂಟೆಗೆ ಅಂತ ಮೊದಲೇ ನೋಡಿಕೊಳ್ಳಿ. ಮುಚ್ಚುವ ಸಮಯ ಬೇರೆ, ಕೊನೆಯ ಪ್ರವೇಶದ ಸಮಯ ಬೇರೆ.

ದಾರಿಯ ಮೂರನೇ ಎರಡು ಭಾಗ ಮುಗಿಯುವ ಕಡೆ ಕೂರುವ ಜಾಗ ಒಂದನ್ನು ಗುರುತಿಸಿಡಿ.

## ಹಂತ 6: ಚೀಲದಲ್ಲಿ ಏನಿರಬೇಕು

ಹಳೆಯ ಬೀದಿಗಳಲ್ಲಿ ನೆಲ ಸಮವಿರುವುದಿಲ್ಲ, ದಪ್ಪ ಅಟ್ಟೆಯ ಶೂ ಬೇಕು. ಫೋನಿನಲ್ಲಿ ಆಫ್‌ಲೈನ್ ನಕಾಶೆ ಮತ್ತು ಪವರ್ ಬ್ಯಾಂಕ್. ನೀರು. ಟೋಪಿ ಅಥವಾ ಕೊಡೆ. ಹತ್ತು ಮನೆಗಳ ಪಟ್ಟಿ ಒಂದೇ ಹಾಳೆಯಲ್ಲಿ, ಕಾಗದದ ಮೇಲೆ. ಪೆನ್ಸಿಲ್.

ಬಹುತೇಕರು ಬಿಟ್ಟು ಬರುವುದು ಬೈನಾಕ್ಯುಲರ್. ಎಂಟು ಪಟ್ಟು ಹಿಗ್ಗಿಸುವ ಚಿಕ್ಕದು ಸಾಕು, ಜೇಬಿನಲ್ಲಿ ಹಿಡಿಯುತ್ತದೆ. ಸೂರಿನ ಕೆತ್ತನೆ, ಗೋಡೆಯ ನೆತ್ತಿಯಲ್ಲಿರುವ ಇಸವಿ ಇವೆಲ್ಲ ಬರಿಗಣ್ಣಿಗೆ ಸಿಗುವುದಿಲ್ಲ. ಆದರೆ ಒಂದು ಎಚ್ಚರಿಕೆ ಇದೆ. ಬೈನಾಕ್ಯುಲರನ್ನು ಮಾಡಿಗೆ, ಗೋಡೆಗೆ ಮಾತ್ರ ಹಿಡಿಯಿರಿ. ಜನ ಇರುವ ಮನೆಯ ಕಿಟಕಿಗೆ ಹಿಡಿದರೆ ನಿಮ್ಮನ್ನು ಯಾರೂ ಪ್ರವಾಸಿ ಅಂದುಕೊಳ್ಳುವುದಿಲ್ಲ.

ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆಡಿಯೊ ಕೇಳುತ್ತಾ ರಸ್ತೆ ದಾಟಬೇಡಿ. ಕೇಳಲೇಬೇಕಿದ್ದರೆ ನಿಂತು ಕೇಳಿ.

## ಹಂತ 7: ಮನೆಯ ಮುಂದೆ ಆರು ನಿಮಿಷ

ಎಲ್ಲರೂ ನೇರ ಬಾಗಿಲ ಹತ್ತಿರ ಹೋಗುತ್ತಾರೆ. ಮನೆಯಲ್ಲಿ ಬಾಗಿಲು ಮತ್ತು ನೆಲಮಹಡಿಯೇ ಅತಿ ಹೆಚ್ಚು ಬದಲಾಗುವ ಭಾಗ. ಅಂಗಡಿ ಬರುತ್ತದೆ, ಷಟರ್ ಬರುತ್ತದೆ, ಹೊಸ ಬಾಗಿಲು ಬರುತ್ತದೆ. ಮೇಲೆ ಹೋದಷ್ಟೂ ಹಳೆಯದು ಉಳಿದಿರುತ್ತದೆ, ಯಾಕೆಂದರೆ ಅಲ್ಲಿ ಕೈ ಹಾಕಲು ಖರ್ಚು ಜಾಸ್ತಿ. ಹಾಗಾಗಿ ದೂರದಿಂದ ಹತ್ತಿರಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿ.

ಎದುರು ಫುಟ್‌ಪಾತ್‌ನಿಂದ ಇಡೀ ಮನೆ. ಮೊದಲ ಒಂದು ನಿಮಿಷ ಕ್ಯಾಮೆರಾ ಜೇಬಿನಲ್ಲೇ ಇರಲಿ. ಮನೆಯ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಎಡ ಬಲ ಸರಿಸಮ ಇದೆಯಾ? ಇಲ್ಲದಿದ್ದರೆ ಯಾವ ಬದಿ ಆಮೇಲೆ ಸೇರಿದ್ದು? ಕಿಟಕಿಗಳ ಮಟ್ಟ ತಪ್ಪಿರುವುದು, ಮಾಡಿನ ಎತ್ತರ ಬದಲಾಗಿರುವುದು, ಗೋಡೆಯಲ್ಲಿ ಮೇಲಿನಿಂದ ಕೆಳಗಿನ ತನಕ ಒಂದು ನೇರ ಸೀಳು ಗೆರೆ ಕಾಣುವುದು, ಇವು ಎರಡು ಕಾಲದ ಕಟ್ಟಡ ಜೋಡಿಸಿದ ಗುರುತು. ಎದುರು ಬದಿಗೆ ಹೋಗುವುದನ್ನು ತಪ್ಪಿಸಲೇಬೇಡಿ. ಸಿಂಗಾಪುರದ ಹಳೆಯ ಬೀದಿಗಳಲ್ಲಿ ಅಂಗಡಿ-ಮನೆಗಳ ಮುಂದೆ ಉದ್ದಕ್ಕೂ ಸೂರಿನ ಕೆಳಗೆ ನಡೆಯುವ ಪಡಸಾಲೆ ಇದೆ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಕೊಟ್ಟ ನಗರ ಯೋಜನೆಯ ಸೂಚನೆಗಳಲ್ಲೇ ಅದು ಇತ್ತು. ನೆರಳಲ್ಲಿ ಆರಾಮಾಗಿ ಅದರೊಳಗೇ ನಡೆದವರಿಗೆ ಮೇಲಿನ ಮಹಡಿಯ ಬಣ್ಣ, ಕೆತ್ತನೆ, ಕಿಟಕಿ ಯಾವುದೂ ಕಾಣುವುದಿಲ್ಲ.

ಮಾಡು. ಇಳಿಜಾರು ಎಷ್ಟು ಕಡಿದಾಗಿದೆ? ಹೆಂಚು, ಸ್ಲೇಟು ಕಲ್ಲು, ತಗಡು, ಯಾವುದು? ಬಹಳ ಕಡಿದಾದ ಮಾಡಿನ ಮೇಲೆ ಈಗ ಹೆಂಚಿದ್ದರೂ ಮೊದಲು ಹುಲ್ಲಿನ ಹೊದಿಕೆ ಇದ್ದಿರಬಹುದು, ಹುಲ್ಲಿನಿಂದ ನೀರು ಜಾರಲು ಕಡಿದಾದ ಇಳಿಜಾರು ಬೇಕು. ಹೊಗೆಗೂಡು ಇದ್ದರೆ ಎಣಿಸಿ, ಎಲ್ಲಿವೆ ಅಂತ ನೋಡಿ. ಒಲೆ ಎಲ್ಲಿತ್ತು, ಗೋಡೆ ಎಲ್ಲಿ ಹಾದುಹೋಗಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಕಿಟಕಿ ಮತ್ತು ಗಾಜು. ನನಗೆ ಅತಿ ಇಷ್ಟದ ಭಾಗ ಇದು, ಯಾಕೆಂದರೆ ಕಾಲ ಊಹಿಸಲು ಇಷ್ಟು ಸುಲಭದ ಸುಳಿವು ಇನ್ನೊಂದಿಲ್ಲ. ದೊಡ್ಡ ಗಾಜು ಮಾಡುವುದು ಕಷ್ಟವಿದ್ದ ಕಾಲದಲ್ಲಿ ಒಂದು ಕಿಟಕಿಗೆ ಅನೇಕ ಚಿಕ್ಕ ಚೌಕಗಳನ್ನು ಜೋಡಿಸುತ್ತಿದ್ದರು. ಬ್ರಿಟನ್‌ನಲ್ಲಿ 1845ರಲ್ಲಿ ಗಾಜಿನ ಮೇಲಿನ ಸುಂಕ ಹೋಯಿತು, 1851ರಲ್ಲಿ ಮನೆಯ ಕಿಟಕಿ ಎಣಿಸಿ ಹಾಕುತ್ತಿದ್ದ ಕಿಟಕಿ ತೆರಿಗೆಯೂ ಹೋಯಿತು. ಆಮೇಲಿನ ಮನೆಗಳಲ್ಲಿ ಗಾಜಿನ ಚೌಕಗಳು ದೊಡ್ಡದಾಗುತ್ತಾ ಹೋಗುತ್ತವೆ. ಒಂದೇ ಮನೆಯಲ್ಲಿ ಮುಂದೆ ದೊಡ್ಡ ಗಾಜು, ಪಕ್ಕದ ಗೋಡೆಯಲ್ಲಿ ಚಿಕ್ಕ ಚೌಕಗಳು ಕಂಡರೆ ಮುಂಭಾಗವನ್ನು ಆಮೇಲೆ ಹೊಸದು ಮಾಡಿರುವ ಸಾಧ್ಯತೆ ಹೆಚ್ಚು.

ಗಾಜಿನಲ್ಲಿ ಎದುರಿನ ಆಕಾಶದ ಅಥವಾ ಮರದ ಪ್ರತಿಬಿಂಬ ನೋಡಿ. ಕೈಯಿಂದ ಊದಿ ಮಾಡಿದ ಗಾಜಿನಲ್ಲಿ ಅದು ಅಲೆಯಲೆಯಾಗಿ ತಿರುಚುತ್ತದೆ. ಕನ್ನಡಿಯ ಹಾಗೆ ನುಣ್ಣಗಿದ್ದರೆ ಬಹುಶಃ ಹೊಸ ಗಾಜು. ಕರಗಿದ ತವರದ ಮೇಲೆ ಗಾಜು ತೇಲಿಸಿ ನುಣ್ಣಗೆ ಮಾಡುವ ವಿಧಾನವನ್ನು ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ತಲೆಯನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಸರಿಸುತ್ತಾ ನೋಡಿದರೆ ತಿರುಚು ಚೆನ್ನಾಗಿ ಕಾಣುತ್ತದೆ. ಒಂದೇ ಕಿಟಕಿಯಲ್ಲಿ ಯಾವ ಚೌಕ ಒಡೆದು ಬದಲಾಗಿದೆ ಅಂತಲೂ ಹೇಳಬಹುದು.

ಗೋಡೆ. ಇಟ್ಟಿಗೆಯ ಮನೆಯಾದರೆ ಇಟ್ಟಿಗೆ ಜೋಡಿಸಿದ ರೀತಿ ನೋಡಿ. ಇಟ್ಟಿಗೆಯ ಉದ್ದ ಬದಿಯ ಜೊತೆ ಅಲ್ಲಲ್ಲಿ ಗಿಡ್ಡ ಬದಿಯೂ ಹೊರಗೆ ಕಾಣುತ್ತಿದೆಯಾ? ಗಿಡ್ಡ ಬದಿ ಕಂಡರೆ ಆ ಇಟ್ಟಿಗೆ ಗೋಡೆಯ ಒಳಕ್ಕೆ ಹೋಗಿ ಕಚ್ಚಿಕೊಂಡಿದೆ ಅಂತ ಅರ್ಥ, ಅಂದರೆ ಗಟ್ಟಿ ಗೋಡೆ. ಎಲ್ಲಾ ಸಾಲುಗಳಲ್ಲೂ ಬರೀ ಉದ್ದ ಬದಿಯೇ ಕಾಣುತ್ತಿದ್ದರೆ ಸಾಮಾನ್ಯವಾಗಿ ಅದು ನಡುವೆ ಟೊಳ್ಳು ಬಿಟ್ಟು ಕಟ್ಟಿದ ಗೋಡೆ ಅಥವಾ ಬರೀ ಹೊದಿಕೆ, ಹೆಚ್ಚಾಗಿ ಇತ್ತೀಚಿನದು.

ಇಟ್ಟಿಗೆಗಳ ನಡುವಿನ ಗಾರೆಯನ್ನೂ ನೋಡಿ. ಸುಣ್ಣದ ಗಾರೆ ತಿಳಿ ಬಣ್ಣದ್ದು, ಮೆತ್ತಗೆ. ಸಿಮೆಂಟು ಬೂದು, ಗಟ್ಟಿ. ಹಳೆಯ ಮೆದು ಇಟ್ಟಿಗೆಗೆ ಸಿಮೆಂಟು ಮೆತ್ತಿದರೆ ಗೋಡೆಯ ತೇವ ಸಂದುಗಳಿಂದ ಹೊರಹೋಗಲು ಆಗದೆ ಇಟ್ಟಿಗೆಯ ಮೂಲಕವೇ ಹೋಗುತ್ತದೆ, ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ಇಟ್ಟಿಗೆ ಒಳಕ್ಕೆ ತಿಂದುಹೋಗಿ ಸಿಮೆಂಟು ಗೆರೆ ಮಾತ್ರ ಹೊರಗೆ ಉಬ್ಬಿ ನಿಂತಿದ್ದರೆ ನಡೆದದ್ದು ಇದೇ. ಕಣ್ಣಲ್ಲೇ ನೋಡಿ. ಗಾರೆಯನ್ನು ಉಗುರಿನಿಂದ ಕೆರೆದು ಪರೀಕ್ಷಿಸುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ.

ಬಾಗಿಲು, ಪಕ್ಕದ ಗೋಡೆ. ಕೊನೆಗೆ ಇವು. ಕೆಲವು ಊರುಗಳಲ್ಲಿ ಮನೆಯ ನಿಜವಾದ ಮುಖ ಪಕ್ಕದಲ್ಲಿರುತ್ತದೆ. ಅಮೆರಿಕದ ಚಾರ್ಲ್ಸ್‌ಟನ್ ಊರಿನ ಅನೇಕ ಹಳೆಯ ಮನೆಗಳು ತಮ್ಮ ಕಿರಿದಾದ ಬದಿಯನ್ನು ಬೀದಿಗೆ ಕೊಟ್ಟು ನಿಂತಿವೆ. ಬೀದಿಯಲ್ಲಿ ಕಾಣುವ ಬಾಗಿಲು ತೆರೆದರೆ ಸಿಗುವುದು ಕೋಣೆಯಲ್ಲ, ಪಕ್ಕದ ಉದ್ದ ಜಗಲಿ. ಅಲ್ಲಿ ಎದುರಿನಿಂದ ಮಾತ್ರ ನೋಡಿದರೆ ಮನೆ ಬಹಳ ಚಿಕ್ಕದು ಅನ್ನಿಸುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ.

ಫೋಟೊ ಈಗ ತೆಗೆಯಿರಿ. ಹತ್ತಿರ ನಿಂತು ಫೋನ್ ಮೇಲಕ್ಕೆ ಬಾಗಿಸಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ಬರುತ್ತವೆ. ಹಿಂದಕ್ಕೆ ಹೋಗಿ ಫೋನನ್ನು ನೆಟ್ಟಗೆ ಹಿಡಿಯಿರಿ.

## ಹಂತ 8: ದಾರಿ ತಪ್ಪಿಸುವ ಗುರುತುಗಳು

ಫಲಕ ಇದ್ದ ಮಾತ್ರಕ್ಕೆ ಮನೆ ಹಳೆಯದಾಗುವುದಿಲ್ಲ. ಫಲಕ ಹೇಳುವುದು ಅಲ್ಲಿದ್ದ ಮನುಷ್ಯನ ಬಗ್ಗೆ. ಲಂಡನ್ನಿನ ಮೊದಲ ಸ್ಮಾರಕ ಫಲಕವನ್ನು 1867ರಲ್ಲಿ ಕವಿ ಬೈರನ್ ಹುಟ್ಟಿದ ಹೋಲ್ಸ್ ಸ್ಟ್ರೀಟ್ ಮನೆಗೆ ಹಾಕಿದರು. 1889ರಲ್ಲಿ ಆ ಮನೆಯನ್ನೇ ಕೆಡವಿದರು. ಫಲಕದಲ್ಲಿ ‘ಈ ಮನೆಯಲ್ಲಿ’ ಅಂತಿದೆಯಾ, ‘ಈ ಜಾಗದಲ್ಲಿ’ ಅಂತಿದೆಯಾ, ನೋಡಿ.

ಗೋಡೆಯ ಮೇಲಿನ ಇಸವಿಯೂ ಹಾಗೇ. ಅದು ಮನೆ ಕಟ್ಟಿದ ವರ್ಷವೇ ಆಗಬೇಕಿಲ್ಲ, ದೊಡ್ಡ ರಿಪೇರಿಯದೋ ಹೊಸ ಮುಂಭಾಗದ್ದೋ ಆಗಿರಬಹುದು. ಕಿಟಕಿ, ಗೋಡೆ, ಮಾಡು ಮೂರೂ ಆ ಕಾಲಕ್ಕೆ ಒಪ್ಪಿದರೆ ನಂಬಿ.

ಇಟ್ಟಿಗೆಯಿಂದ ಮುಚ್ಚಿದ ಕಿಟಕಿ ಕಂಡ ಕೂಡಲೇ ಇಂಗ್ಲೆಂಡಿನಲ್ಲಿ ಎಲ್ಲರೂ ‘ಕಿಟಕಿ ತೆರಿಗೆ’ ಅನ್ನುತ್ತಾರೆ. 1696ರಿಂದ 1851ರ ತನಕ ಆ ತೆರಿಗೆ ಇದ್ದದ್ದು ನಿಜ, ತಪ್ಪಿಸಿಕೊಳ್ಳಲು ಕಿಟಕಿ ಮುಚ್ಚಿದ್ದೂ ನಿಜ. ಆದರೆ ಎಷ್ಟೋ ಕಡೆ ಆ ಕಿಟಕಿ ಯಾವತ್ತೂ ತೆರೆದೇ ಇರಲಿಲ್ಲ. ಹಿಂದೆ ಹೊಗೆಗೂಡೋ ಅಡ್ಡಗೋಡೆಯೋ ಇದೆ, ಹೊರಗಿನಿಂದ ಎಡ ಬಲ ಸರಿಸಮ ಕಾಣಲಿ ಅಂತ ಮೊದಲಿನಿಂದಲೇ ಕುರುಡು ಕಿಟಕಿ ಇಟ್ಟಿದ್ದಾರೆ. ಮುಚ್ಚಿದ ಇಟ್ಟಿಗೆ ಸುತ್ತಲಿನ ಗೋಡೆಯ ಇಟ್ಟಿಗೆಯ ಹಾಗೇ ಇದ್ದರೆ ಈ ಅನುಮಾನ ಇಟ್ಟುಕೊಳ್ಳಿ.

ಹಳೆಯ ಗಾಜು ಕೆಳಭಾಗದಲ್ಲಿ ದಪ್ಪಗಿರುವುದು ಅದು ನಿಧಾನಕ್ಕೆ ಹರಿದು ಇಳಿದದ್ದರಿಂದ ಅನ್ನುವ ಕತೆಯನ್ನು ಗೈಡ್‌ಗಳು ಈಗಲೂ ಹೇಳುತ್ತಾರೆ. ಸುಮ್ನೆ ಕತೆ ಅದು. ಗಾಜು ಹರಿಯುವುದಿಲ್ಲ. ಹಳೆಯ ವಿಧಾನದಲ್ಲಿ ಮಾಡುವಾಗಲೇ ದಪ್ಪ ಒಂದೇ ಸಮ ಬರುತ್ತಿರಲಿಲ್ಲ, ಅಷ್ಟೇ.

ಗೋಡೆಯ ಮೇಲೆ ನಕ್ಷತ್ರದ ಆಕಾರದ್ದೋ ದುಂಡಗಿನದ್ದೋ ಕಬ್ಬಿಣದ ಬಿಲ್ಲೆ ಕಂಡರೆ ಅದು ಅಲಂಕಾರವಲ್ಲ. ಒಳಗೆ ಹಾಯಿಸಿದ ಕಬ್ಬಿಣದ ಸರಳಿನ ತುದಿ ಅದು, ಗೋಡೆ ಹೊರಕ್ಕೆ ಬಾಗದಂತೆ ಹಿಡಿದುಕೊಂಡಿದೆ. 1886ರ ಭೂಕಂಪದ ನಂತರ ಚಾರ್ಲ್ಸ್‌ಟನ್‌ನ ಅನೇಕ ಮನೆಗಳಿಗೆ ಇವನ್ನು ಬಿಗಿದರು.

ವಾಲಿದ ಮನೆಯ ವಿಷಯ ಸ್ವಲ್ಪ ಸೂಕ್ಷ್ಮ. ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆ ಬದಿಯ ಹಳೆಯ ಮನೆಗಳು ಬೇಕಂತಲೇ ಮುಂದಕ್ಕೆ ಬಾಗಿವೆ. ನೆತ್ತಿಯಲ್ಲಿರುವ ತೊಲೆಗೆ ರಾಟೆ ಕಟ್ಟಿ ಸಾಮಾನು ಮೇಲೆತ್ತುವಾಗ ಗೋಡೆಗೆ ತಾಗಬಾರದು ಅಂತ. ಅದೇ ಊರಲ್ಲಿ ಪಕ್ಕಕ್ಕೆ ವಾಲಿರುವ ಮನೆಗಳ ಕತೆ ಬೇರೆ, ಅಲ್ಲಿ ಕೆಳಗಿನ ಮರದ ಕಂಬಗಳು ಕುಸಿದಿವೆ. ಮುಂದಕ್ಕೋ ಪಕ್ಕಕ್ಕೋ ಅಂತ ನೋಡದೆ ತೀರ್ಪು ಕೊಡಬೇಡಿ.

## ಹಂತ 9: ಎಲ್ಲಿ ನಿಲ್ಲಬಾರದು

ಸರ್ಕಾರಿ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಮನೆ ಸಾರ್ವಜನಿಕರದ್ದಾಗುವುದಿಲ್ಲ. ಬಹುಪಾಲು ಮನೆಗಳಲ್ಲಿ ಜನ ವಾಸವಿದ್ದಾರೆ. ಗೇಟು ತೆರೆದಿದ್ದರೂ ಒಳಗೆ ಕಾಲಿಡಬೇಡಿ, ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ಮನೆಯವರು ಹೊರಗೆ ಬಂದರೆ ಫೋನ್ ಕೆಳಗಿಳಿಸಿ ಒಂದು ನಮಸ್ಕಾರ ಹೇಳಿ. ‘ಗೋಡೆ ನೋಡುತ್ತಿದ್ದೆವು’ ಅಂದರೆ ಎಷ್ಟೋ ಜನ ತಾವೇ ಮಾತಿಗಿಳಿಯುತ್ತಾರೆ. ಡ್ರೋನ್ ಹಾರಿಸುವ ಯೋಚನೆಯನ್ನು ಬಿಟ್ಟುಬಿಡಿ.

ಒಳಗೆ ನೋಡಲೇಬೇಕು ಅನ್ನುವವರು ತೆರೆದ ದಿನಗಳಿಗೆ ಕಾಯಬೇಕು. ಫ್ರಾನ್ಸ್‌ನಲ್ಲಿ 1984ರಿಂದ, ಇಂಗ್ಲೆಂಡಿನಲ್ಲಿ 1994ರಿಂದ ಪಾರಂಪರಿಕ ಕಟ್ಟಡಗಳನ್ನು ವರ್ಷದಲ್ಲಿ ಕೆಲವು ದಿನ ಜನರಿಗೆ ತೆರೆಯುವ ಕಾರ್ಯಕ್ರಮ ನಡೆಯುತ್ತಿದೆ, ಈಗ ಎರಡೂ ಸೆಪ್ಟೆಂಬರ್‌ನಲ್ಲಿ. ಯುರೋಪಿನ ಬೇರೆ ದೇಶಗಳಲ್ಲೂ ಇದೆ. ಪ್ರವಾಸದ ದಿನ ಹೊಂದಿಸಿಕೊಳ್ಳಲು ಆಗುತ್ತದೆಯಾ ನೋಡಿ.

ಇನ್ನು ಅಪಾಯದ ಸೂಚನೆಗಳು. ಫುಟ್‌ಪಾತ್ ಮೇಲೆ ಹೊಸದಾಗಿ ಬಿದ್ದ ಗಾರೆಯ ಚೂರು ಅಥವಾ ಹೆಂಚಿನ ತುಂಡು. ಹೊಟ್ಟೆ ಉಬ್ಬಿದಂತೆ ಹೊರಕ್ಕೆ ಬಂದ ಗೋಡೆ. ಬಾಲ್ಕನಿಯ ಕೆಳಗೆ ತುಕ್ಕು ಸುರಿದ ಕಲೆ. ಊರುಗೋಲು ಕೊಟ್ಟು ನಿಲ್ಲಿಸಿದ ಸೂರು. ಇವುಗಳಲ್ಲಿ ಒಂದು ಕಂಡರೂ ಎದುರು ಬದಿಯಿಂದಲೇ ನೋಡಿ ಮುಂದೆ ಹೋಗಿ. ಮಳೆ ಬಂದು ನಿಂತ ಮೇಲೆ ಇನ್ನೂ ಜಾಸ್ತಿ ಎಚ್ಚರ ಬೇಕು, ನೀರು ಕುಡಿದ ಗೋಡೆ ಭಾರವಾಗಿರುತ್ತದೆ. ಬೀಗ ಹಾಕದ ಪಾಳು ಮನೆಯೊಳಗೆ ಹೋಗಲೇಬೇಡಿ, ಮರದ ನೆಲ ಯಾವಾಗ ಕೈಕೊಡುತ್ತದೆ ಅಂತ ಹೇಳಲಾಗುವುದಿಲ್ಲ.

ದಾರಿ ತುಂಬಾ ಹಿಂದೆ ಬಿದ್ದಿದ್ದರೆ, ಅಂದರೆ ಒಂದು ಗಂಟೆ ಕಳೆದರೂ ನಾಲ್ಕನೆಯ ಮನೆ ದಾಟಿಲ್ಲವೆಂದರೆ, ಓಡಬೇಡಿ. ಪಟ್ಟಿಯ ನಡುವಿನ ಎರಡು ಮನೆ ಬಿಟ್ಟು ಮುಂದೆ ಹೋಗಿ. ಎಲ್ಲದಕ್ಕೂ ಒಂದೊಂದು ನಿಮಿಷ ಕೊಡುವುದಕ್ಕಿಂತ ಇದು ವಾಸಿ.

## ಹಂತ 10: ಅದೇ ದಿನ ಸಂಜೆ

ಅಲ್ಲೇ ನಿಂತು ಪುಟಗಟ್ಟಲೆ ಬರೆಯುವ ಅಗತ್ಯವಿಲ್ಲ. ಒಂದೊಂದು ಮನೆಗೂ ಒಂದು ಸಾಲು, ಒಂದು ಪ್ರಶ್ನೆ ಸಾಕು. ‘ಬಲಗಡೆ ಯಾಕೆ ಹೊಗೆಗೂಡಿಲ್ಲ?’ ಅನ್ನುವಂಥದ್ದು. ಸಂಜೆ ಫೋಟೊ, ಹಳೆಯ ನಕಾಶೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಇದನ್ನು ಮರುದಿನಕ್ಕೆ ತಳ್ಳಬೇಡಿ, ಹತ್ತು ಮನೆಗಳ ಕಿಟಕಿಗಳು ತಲೆಯಲ್ಲಿ ಕಲಸಿಹೋಗುತ್ತವೆ.

ನಿಮ್ಮ ದಾರಿಯನ್ನು ಬೇರೆಯವರಿಗೂ ಕೊಡುವ ಯೋಚನೆ ಇದ್ದರೆ ಮೊದಲು ಆ ಊರು ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ನಡೆಯಲು ಹೇಳಿ. ನೀವು ಹಿಂದಿನಿಂದ ಹೋಗಿ, ಬಾಯಿ ಬಿಡಬೇಡಿ. ಅವರು ನಿಂತು ಸುತ್ತಮುತ್ತ ಹುಡುಕುವ ಪ್ರತಿ ಜಾಗದಲ್ಲೂ ನಿಮ್ಮ ಬರಹದಲ್ಲಿ ಒಂದು ಸಾಲು ಕಮ್ಮಿ ಇದೆ ಅಂತ ಲೆಕ್ಕ. ಎಡ ಬಲ ಬರೆಯುವಾಗ ‘ಮನೆಗೆ ಮುಖ ಮಾಡಿ ನಿಂತಾಗ’ ಅಂತ ಸೇರಿಸಿ. ಪ್ರತಿ ಮನೆಯ ಎದುರು ‘ಒಳಗೆ ಬಿಡುತ್ತಾರೆ’ ಅಥವಾ ‘ಖಾಸಗಿ ಮನೆ, ರಸ್ತೆಯಿಂದ ಮಾತ್ರ’ ಅಂತ ಬರೆಯಿರಿ. ಆ ದಾರಿಯನ್ನು ನೀವು ಕೊನೆಯ ಸಲ ನಡೆದು ನೋಡಿದ ತಿಂಗಳು, ವರ್ಷವನ್ನು ಹಾಳೆಯ ಮೇಲ್ಗಡೆ ಹಾಕಿಡಿ.